ದವಡೆ ಕೀಲಿನ ನೋವು ಮತ್ತು ಹಲ್ಲಿನ ಸ್ಪ್ಲಿಂಟ್

ಸಹಪಾಠಿಗಳೇ, ಎರಡೂ ಕಿವಿಗಳ ಮುಂದೆ ಒಂದೊಂದು ಬೆರಳಿಟ್ಟು ಬಾಯಿಯನ್ನು ನಿಧಾನವಾಗಿ ತೆರೆದು ಮುಚ್ಚಿ. ಬೆರಳಿನ ಕೆಳಗೆ ಗುಂಡಗಿನ ಮೂಳೆಯೊಂದು ಜರುಗುವುದು ಗೊತ್ತಾಗುತ್ತದೆ. ಅದೇ ದವಡೆಯ ಕೀಲು. ವೈದ್ಯರು ಇದನ್ನು ಟಿ.ಎಂ.ಜೆ. ಎಂದು ಕರೆಯುತ್ತಾರೆ. ಮಾತು, ಊಟ, ಆಕಳಿಕೆ ಎಲ್ಲಕ್ಕೂ ಇದು ಬೇಕು.

ಈ ಕೀಲು ಎರಡು ರೀತಿ ಕೆಲಸ ಮಾಡುತ್ತದೆ. ಬಾಯಿ ಸ್ವಲ್ಪ ತೆರೆದಾಗ ಬಾಗಿಲಿನ ಹಾಗೆ ತಿರುಗುತ್ತದೆ, ಇನ್ನೂ ಅಗಲವಾಗಿ ತೆರೆದಾಗ ಮೇಜಿನ ಡ್ರಾಯರ್ ಹಾಗೆ ಮುಂದಕ್ಕೆ ಜಾರುತ್ತದೆ. ಮೂಳೆಗೆ ಮೂಳೆ ಉಜ್ಜದಂತೆ ನಡುವೆ ಒಂದು ಮೆತ್ತನೆಯ ತಟ್ಟೆ ಇದೆ. ಆ ತಟ್ಟೆ ತನ್ನ ಜಾಗದಿಂದ ಸರಿದರೆ 'ಟಕ್' ಎಂಬ ಶಬ್ದ ಬರುತ್ತದೆ. ಶಬ್ದ ಮಾತ್ರ ಇದ್ದು ನೋವಿಲ್ಲದಿದ್ದರೆ, ಬಾಯಿ ಸರಿಯಾಗಿ ತೆರೆಯುತ್ತಿದ್ದರೆ, ಸಾಮಾನ್ಯವಾಗಿ ಚಿಕಿತ್ಸೆ ಬೇಕಾಗುವುದಿಲ್ಲ. ನೋವು ಇದ್ದರೆ ಮತ್ತು ಬಾಯಿ ಸಿಕ್ಕಿಹಾಕಿಕೊಂಡಂತಾದರೆ ತೋರಿಸಬೇಕು. ದೊಡ್ಡವರಲ್ಲಿ ಬಾಯಿ ಸುಮಾರು 40 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ತೆರೆಯಬೇಕು. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ಹಿಡಿಸುತ್ತವೆಯೇ ಎಂದು ನೋಡಿಕೊಳ್ಳಬಹುದು.

ಇದೆಲ್ಲ ನನಗೆ ಗೊತ್ತಾಗಿದ್ದು ನಮ್ಮ ಅಮ್ಮಿಯಿಂದ. ಅವರು ಚಾಮರಾಜಪೇಟೆಯ ನಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಕಳೆದ ವರ್ಷ ಅವರಿಗೆ ಕಿವಿ ನೋವು ಶುರುವಾಯಿತು. ಬೆಳಿಗ್ಗೆ ಎದ್ದಾಗ ಕಣತಲೆಯೂ ನೋಯುತ್ತಿತ್ತು. 'ಕಾನ್ ಮೆ ದರ್ದ್' ಎಂದು ಕಿವಿಗೆ ಡ್ರಾಪ್ಸ್ ಹಾಕಿದ್ದೇ ಹಾಕಿದ್ದು. ಕೊನೆಗೆ ಕಿವಿಯ ಡಾಕ್ಟರು ನೋಡಿ, ಕಿವಿ ಚೆನ್ನಾಗಿದೆ, ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಎಂದರು. ಕಿವಿ ಮತ್ತು ದವಡೆಯ ಈ ಗೊಂದಲ ಹೊಸದಲ್ಲ. 1934ರಲ್ಲೇ ಅಮೆರಿಕದ ಕಿವಿ ಮೂಗು ಗಂಟಲು ತಜ್ಞ ಜೇಮ್ಸ್ ಕಾಸ್ಟೆನ್ ಎಂಬವರು ಕಿವಿಯ ತೊಂದರೆಗಳನ್ನು ದವಡೆ ಕೀಲಿಗೆ ಜೋಡಿಸಿ ಬರೆದರು. ಕಾರಣದ ಬಗ್ಗೆ ಅವರು ಹೇಳಿದ್ದನ್ನು ಈಗ ಪೂರ್ತಿ ಒಪ್ಪುವುದಿಲ್ಲ. ಆದರೆ ಕೀಲಿನ ನೋವು ಕಿವಿಯಲ್ಲಿ ಇದ್ದಂತೆ ಅನಿಸುತ್ತದೆ ಎಂಬುದು ನಿಜ. ಈ ತೊಂದರೆ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ನಾವು ಮೊದಲು ಹೋದ ಒಂದು ಕ್ಲಿನಿಕ್‌ನಲ್ಲಿ, ಹಲ್ಲುಗಳು ಸರಿಯಾಗಿ ಕೂರುತ್ತಿಲ್ಲ, ಹಲವು ಹಲ್ಲುಗಳನ್ನು ಉಜ್ಜಿ ಕ್ಯಾಪ್ ಹಾಕಬೇಕು ಎಂದರು. ಅವರು ಹೇಳಿದ ಮೊತ್ತ ನನ್ನ ಡಿಗ್ರಿ ಅಡ್ಮಿಷನ್‌ಗೆ ಅಬ್ಬಾ ಕೂಡಿಟ್ಟ ಹಣಕ್ಕಿಂತ ಜಾಸ್ತಿ ಇತ್ತು. ಅಮ್ಮಿ 'ನನಗೆ ನೋವೇ ಇಲ್ಲ' ಎನ್ನಲು ಶುರು ಮಾಡಿದರು. ಆಗ ಪಕ್ಕದ ಮನೆಯ ಖಾಲಾ, ಕೋಟೆಯ ಹತ್ತಿರ ವಿಕ್ಟೋರಿಯಾ ಆಸ್ಪತ್ರೆಯ ಬಳಿ ಇರುವ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿಗೆ ಒಮ್ಮೆ ತೋರಿಸಿ ಎಂದರು.

ಅಲ್ಲಿ ಕೆನ್ನೆ ಮತ್ತು ಕಣತಲೆಯ ಸ್ನಾಯುಗಳನ್ನು ಒತ್ತಿ ನೋಡಿದರು, ಬಾಯಿ ಎಷ್ಟು ತೆರೆಯುತ್ತದೆ ಎಂದು ಅಳೆದರು. ನೋವು ಹೆಚ್ಚಾಗಿ ಸ್ನಾಯುಗಳಲ್ಲಿತ್ತು. ಹಲ್ಲುಗಳ ತುದಿ ಸವೆದಿತ್ತು, ಅಂದರೆ ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿತ್ತು. ಮೊದಲ ಕೆಲವು ವಾರ ಯಾವ ಉಪಕರಣವನ್ನೂ ಕೊಡಲಿಲ್ಲ. ಖಿಚಡಿ, ಮೊಸರನ್ನದಂಥ ಮೆತ್ತನೆಯ ಊಟ, ಬಿಸಿ ಬಟ್ಟೆಯ ಶಾಖ, ದವಡೆಯ ಸಣ್ಣ ವ್ಯಾಯಾಮ ಹೇಳಿಕೊಟ್ಟರು. ದಾರವನ್ನು ಹಲ್ಲಿನಿಂದ ಕತ್ತರಿಸಬೇಡಿ ಎಂದರು. ಇಷ್ಟಕ್ಕೇ ನೋವು ಬಹಳ ಕಡಿಮೆಯಾಯಿತು. ಆಮೇಲೆ ರಾತ್ರಿ ಹಾಕಿಕೊಳ್ಳಲು ಸ್ಪ್ಲಿಂಟ್ ಮಾಡಿಕೊಟ್ಟರು.

ಸ್ಪ್ಲಿಂಟ್ ಎಂದರೆ ಒಂದು ಸಾಲಿನ ಎಲ್ಲ ಹಲ್ಲುಗಳ ಮೇಲೆ ಕೂರುವ, ಗಟ್ಟಿ ಅಕ್ರಿಲಿಕ್‌ನ ಪಾರದರ್ಶಕ ಕವಚ. ಮೊದಲು ಹಲ್ಲುಗಳ ಅಚ್ಚು ತೆಗೆಯುತ್ತಾರೆ. ಆ ಅಚ್ಚಿನಿಂದ ಮಾಡಿದ ಮಾದರಿಯ ಮೇಲೆ ಲ್ಯಾಬ್‌ನಲ್ಲಿ ಕವಚ ತಯಾರಾಗುತ್ತದೆ. ಮುಖ್ಯ ಕೆಲಸ ಇರುವುದು ಅದರ ನಂತರ. ಕವಚ ಹಾಕಿಸಿ, ಬಣ್ಣದ ತೆಳು ಕಾಗದವನ್ನು ಕಚ್ಚಿಸಿ, ಗುರುತು ಎಲ್ಲಿ ಗಾಢವಾಗಿ ಬೀಳುತ್ತದೋ ಅಲ್ಲಿ ಸ್ವಲ್ಪ ಸ್ವಲ್ಪವೇ ಕೆರೆಯುತ್ತಾರೆ. ಎದುರು ಸಾಲಿನ ಹಲ್ಲುಗಳೆಲ್ಲ ಒಂದೇ ಸಮನಾಗಿ ತಾಗುವವರೆಗೆ ಇದು ನಡೆಯುತ್ತದೆ. ಮುಂದೆಯೂ ತಪಾಸಣೆಗೆ ಹೋಗುತ್ತಿರಬೇಕು. ಕೆಲವೇ ಹಲ್ಲುಗಳನ್ನು ಮುಚ್ಚುವ ಸಾಧನವನ್ನು ಬಹಳ ದಿನ ಹಾಕಿದರೆ ಉಳಿದ ಹಲ್ಲುಗಳು ಜಾಗ ಬಿಟ್ಟು ಸರಿಯಬಹುದು.

ಸ್ಪ್ಲಿಂಟ್ ಹಲ್ಲು ಕಡಿಯುವುದನ್ನು ನಿಲ್ಲಿಸುವುದಿಲ್ಲ. ಹಲ್ಲಿನ ಬದಲು ಅಕ್ರಿಲಿಕ್ ಸವೆಯುತ್ತದೆ, ಹಲ್ಲು ಉಳಿಯುತ್ತದೆ. ನೋವಿನ ವಿಷಯದಲ್ಲಿ ತಜ್ಞರ ಅಭಿಪ್ರಾಯ ಒಂದೇ ಆಗಿಲ್ಲ. ದೀರ್ಘಕಾಲದ ದವಡೆ ನೋವಿನ ಬಗ್ಗೆ 2023ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್' ಒಂದು ಮಾರ್ಗಸೂಚಿ ಪ್ರಕಟಿಸಿತು. ವ್ಯಾಯಾಮ, ಸ್ನಾಯುಗಳ ಆರೈಕೆ, ರೋಗಿಗೆ ತಿಳಿವಳಿಕೆ ಮತ್ತು ಧೈರ್ಯ ಹೇಳುವುದು, ಒತ್ತಡ ನಿಭಾಯಿಸಲು ಮನೋಚಿಕಿತ್ಸೆ, ಇವುಗಳನ್ನು ಅದು ಬಲವಾಗಿ ಶಿಫಾರಸು ಮಾಡಿದೆ. ತೆಗೆದು ಹಾಕುವ ಸ್ಪ್ಲಿಂಟನ್ನು ಸಾಮಾನ್ಯವಾಗಿ ನೋವಿಗೆಂದು ಆರಿಸಬೇಕಾಗಿಲ್ಲ ಎಂದಿದೆ. ಆದ್ದರಿಂದ 'ಇದನ್ನು ಹಾಕಿದರೆ ಕೀಲು ವಾಸಿ' ಎಂದು ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ನಮ್ಮ ಅಮ್ಮಿಗೆ ಅದು ಸವೆಯುತ್ತಿದ್ದ ಹಲ್ಲುಗಳ ರಕ್ಷಣೆಗೆ ಬೇಕಾಯಿತು.

ಕಾಮರ್ಸ್ ವಿದ್ಯಾರ್ಥಿಯಾಗಿ ನನಗೆ ಅರ್ಥವಾದದ್ದು ಇಷ್ಟು. ಅಕೌಂಟ್ಸ್‌ನಲ್ಲಿ ತಪ್ಪು ಎಂಟ್ರಿ ಬಿದ್ದರೆ ಅದನ್ನು ಸರಿಪಡಿಸಲು ಇನ್ನೊಂದು ಎಂಟ್ರಿ ಹಾಕುತ್ತೇವೆ. ಉಜ್ಜಿದ ಹಲ್ಲಿಗೆ ಆ ಸೌಲಭ್ಯವಿಲ್ಲ, ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಸ್ಪ್ಲಿಂಟ್ ಸರಿಹೋಗದಿದ್ದರೆ ತೆಗೆದಿಡಬಹುದು. ಹಿಂದಕ್ಕೆ ಬರಲು ದಾರಿ ಇರುವ ಚಿಕಿತ್ಸೆ ಮೊದಲು, ದಾರಿ ಇಲ್ಲದ್ದು ಕೊನೆಗೆ. ಹಾಗಾಗಿ ಡಾಕ್ಟರರನ್ನು ಮೂರು ಪ್ರಶ್ನೆ ಕೇಳಿ: ನೋವು ಸ್ನಾಯುವಿನದೋ ಕೀಲಿನದೋ? ಈ ಚಿಕಿತ್ಸೆ ಬೇಡವೆನಿಸಿದರೆ ಹಲ್ಲು ಮೊದಲಿನಂತೆಯೇ ಇರುತ್ತದೆಯೇ? ಇದಕ್ಕಿಂತ ಸರಳವಾದದ್ದನ್ನು ಮೊದಲು ಮಾಡಿ ನೋಡಬಹುದೇ?

ಒಂದು ಎಚ್ಚರಿಕೆ. ಅಡಿಕೆ, ಗುಟ್ಕಾ ಜಗಿಯುವವರಿಗೆ ಬಾಯಿ ಬರಬರುತ್ತಾ ಕಡಿಮೆ ತೆರೆದರೆ, ಖಾರ ತಿಂದಾಗ ಉರಿದರೆ, ಅದು ಬೇರೆಯೇ ಕಾಯಿಲೆ ಇರಬಹುದು. ಬಾಯಿಯ ಒಳಚರ್ಮ ಗಡುಸಾಗುವ ಆ ಕಾಯಿಲೆ ಕ್ಯಾನ್ಸರ್‌ಗೂ ತಿರುಗಬಹುದು. ತಡಮಾಡದೆ ತೋರಿಸಿ.

ಇನ್ನು ಪರೀಕ್ಷೆ ಹತ್ತಿರ ಬಂತು. ಬ್ಯಾಲೆನ್ಸ್ ಶೀಟ್ ತಾಳೆಯಾಗದಾಗ ನಾವೂ ಹಲ್ಲು ಬಿಗಿ ಹಿಡಿಯುತ್ತೇವೆ. ಅಗಿಯುವಾಗ, ನುಂಗುವಾಗ ಬಿಟ್ಟರೆ ಮೇಲಿನ ಮತ್ತು ಕೆಳಗಿನ ಹಲ್ಲುಗಳು ತಾಗಬೇಕಾಗಿಲ್ಲ. ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ ಎಂದು ಒಂದು ಚೀಟಿಯಲ್ಲಿ ಬರೆದು ಓದುವ ಮೇಜಿನ ಮೇಲೆ ಅಂಟಿಸಿ. ತೋರಿಸಬೇಕಾದರೆ ಸರ್ಕಾರಿ ದಂತ ಕಾಲೇಜಿಗೆ ಕೆ.ಆರ್. ಮಾರ್ಕೆಟ್ ಮೆಟ್ರೊ ನಿಲ್ದಾಣದಿಂದ ನಡೆದೇ ಹೋಗಬಹುದು. ಬಸವನಗುಡಿ ಕಡೆಯವರಿಗೆ ವಿ.ವಿ. ಪುರದ ಕೆ.ಆರ್. ರಸ್ತೆಯಲ್ಲಿ ಒಕ್ಕಲಿಗರ ಸಂಘದ ದಂತ ಕಾಲೇಜೂ ಇದೆ. ಮನೆಯಲ್ಲಿ ಯಾರಾದರೂ ಬಹಳ ದಿನದಿಂದ ಕಿವಿ ನೋವು ಎನ್ನುತ್ತಿದ್ದರೆ, ಅಗಿಯುವಾಗ ಹೆಚ್ಚಾಗುತ್ತದೆಯೇ ಎಂದು ಇವತ್ತೇ ಕೇಳಿ ನೋಡಿ.