ನಿಮಗಿದು ಗೊತ್ತೆ? ಬುತ್ತಿಯಿಲ್ಲದ ಬೀಜ!

ಆರ್ಕಿಡ್‌ನ ಒಂದೇ ಕಾಯಿಯಲ್ಲಿ ಲಕ್ಷಗಟ್ಟಲೆ ಬೀಜ ಇರಬಹುದು. ಕುಂಡದಲ್ಲಿ ಬಿತ್ತಿದರೆ ಒಂದಾದರೂ ಮೊಳೆಯುವುದು ಅನುಮಾನ! ಉಸಿರು ತಾಗಿದರೂ ಹಾರಿಹೋಗುವ ಈ ಬೀಜದಲ್ಲಿ ಮೊಳಕೆಗೆ ಬೇಕಾದ ಆಹಾರದ ದಾಸ್ತಾನೇ ಇಲ್ಲ. ಕಾಡಿನಲ್ಲಿ ತಕ್ಕ ಶಿಲೀಂಧ್ರವೊಂದು ಒಳಹೊಕ್ಕು ಉಣಿಸಿದರಷ್ಟೇ ಅದಕ್ಕೆ ಬದುಕು. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್, ಶಿಲೀಂಧ್ರದ ಹಂಗಿಲ್ಲದೆ ಸಕ್ಕರೆ ಬೆರೆಸಿದ ಅಗಾರ್ ಎಂಬ ಜೆಲ್ಲಿಯ ಮೇಲೆ ಮೊಳಕೆ ಬರಿಸಿ ತೋರಿಸಿದರು. ಇಂದಿಗೂ ಪ್ರಯೋಗಾಲಯದ ಬಾಟಲಿಗಳಲ್ಲಿ ನಡೆಯುವುದು ಹೆಚ್ಚುಕಡಿಮೆ ಇದೇ ಅಡುಗೆ.

ಮನೆಯಲ್ಲಿ? ಬೀಜದ ಆಸೆ ಬಿಡಿ. ಹೂ ಮುಗಿಸಿದ ಡೆಂಡ್ರೋಬಿಯಂ ಆರ್ಕಿಡ್‌ನ ಹಳೆಯ ಕಾಂಡವನ್ನು ಬಿಸಾಡಬೇಡಿ. ಎರಡು-ಮೂರು ಗಿಣ್ಣು ಉಳಿಯುವಂತೆ ತುಂಡರಿಸಿ, ನೆರಳಲ್ಲಿ ಒದ್ದೆ ಪಾಚಿಯ ಮೇಲೆ ಅಡ್ಡ ಮಲಗಿಸಿ. ಕೆಲ ತಿಂಗಳಲ್ಲಿ ಗಿಣ್ಣಿನಿಂದ ಮರಿಗಿಡ ಇಣುಕುತ್ತದೆ. ಅದರ ಬೇರು ಒಂದೆರಡು ಅಂಗುಲ ಬೆಳೆಯುವವರೆಗೆ ಬೇರ್ಪಡಿಸುವ ಅವಸರ ಬೇಡ. ನೆಡಲು ಮಣ್ಣೂ ಬೇಡ. ಇದ್ದಿಲು, ತೆಂಗಿನ ಸಿಪ್ಪೆಯ ಚೂರು ಸಾಕು.

ಅಂದಹಾಗೆ, ಐಸ್‌ಕ್ರೀಮಿಗೆ ಘಮ ಕೊಡುವ ವೆನಿಲ್ಲಾ ಕೂಡ ಆರ್ಕಿಡ್ಡೇ. ಮಲೆನಾಡಿನ ತೋಟಗಳಲ್ಲಿ ಅದನ್ನು ಬೆಳೆದವರು ಬೀಜ ಬಿತ್ತಲಿಲ್ಲ, ಬಳ್ಳಿಯ ತುಂಡು ನೆಟ್ಟರು.