ನೆಲಮಾಳಿಗೆಯಿಂದ ಹೊರಟ ಮಾತು

ಅಮೆರಿಕದ ಇಲಿನಾಯ್ ರಾಜ್ಯದ ಬ್ಲೂಮಿಂಗ್ಟನ್‌ನಲ್ಲಿ ರಾಲ್ಫ್ ಸ್ಮೆಡ್ಲಿ ವೈಎಂಸಿಎಯ ಶಿಕ್ಷಣ ವಿಭಾಗ ನೋಡಿಕೊಳ್ಳುತ್ತಿದ್ದರು. ಅಲ್ಲಿಗೆ ಬರುವ ತರುಣರಿಗೆ ಸಭೆ ನಡೆಸಲು, ಜನರೆದುರು ಎದ್ದು ಮಾತಾಡಲು ಬರುವುದಿಲ್ಲ ಎಂಬುದು ಅವರ ಗಮನಕ್ಕೆ ಬಂತು. 1905ರಲ್ಲಿ ಅವರಿಗಾಗಿ ಒಂದು ಕೂಟ ಕಟ್ಟಿದರು. ಸರದಿಯಂತೆ ಒಬ್ಬೊಬ್ಬರು ಮಾತಾಡಬೇಕು, ಉಳಿದವರು ಕೇಳಿ ತಿದ್ದಬೇಕು. ಕೂಟವೇನೋ ಚೆನ್ನಾಗಿ ನಡೆಯಿತು. ಸ್ಮೆಡ್ಲಿಯವರಿಗೆ ವರ್ಗವಾದ ಮೇಲೆ ಕಳೆಗುಂದಿತು. ಮುಂದೆ ಹೋದ ಊರುಗಳಲ್ಲೂ ಇದೇ ಕಥೆ. ಕಟ್ಟಿದವರು ಹೋದೊಡನೆ ಬಾಗಿಲು ಮುಚ್ಚುವ ಸಂಘಗಳನ್ನು ನಾವೂ ಕಂಡಿದ್ದೇವೆ.

1924ರ ಅಕ್ಟೋಬರ್ 22ರಂದು ಕ್ಯಾಲಿಫೋರ್ನಿಯಾದ ಸ್ಯಾಂಟಾ ಆನಾದಲ್ಲಿ, ವೈಎಂಸಿಎ ಕಟ್ಟಡದ ನೆಲಮಾಳಿಗೆಯಲ್ಲಿ ಸೇರಿದ ಟೋಸ್ಟ್‌ಮಾಸ್ಟರ್ಸ್ ಕ್ಲಬ್ ಮಾತ್ರ ಉಳಿಯಿತು. ಅಕ್ಕಪಕ್ಕದ ಊರಿನವರು ನಮಗೂ ಹೇಳಿಕೊಡಿ ಎಂದಾಗ ಸ್ಮೆಡ್ಲಿ ಕೈಪಿಡಿ ಬರೆದುಕೊಟ್ಟರು. ಅವರಿಲ್ಲದ ಕಡೆಯೂ ಕ್ಲಬ್ ನಡೆಯುವಂತಾದದ್ದು ಈ ಕೈಪಿಡಿಯಿಂದ. ಕೆನಡಾದಲ್ಲೂ ಒಂದು ಕ್ಲಬ್ ಹುಟ್ಟಿದಾಗ, 1930ರಲ್ಲಿ, ಈ ಕ್ಲಬ್ಬುಗಳ ಒಕ್ಕೂಟಕ್ಕೆ ಟೋಸ್ಟ್‌ಮಾಸ್ಟರ್ಸ್ ಇಂಟರ್‌ನ್ಯಾಷನಲ್ ಎಂಬ ಹೆಸರು ಬಂತು. 1932ರಲ್ಲಿ ಅದು ನೋಂದಣಿಯಾಯಿತು.

ಈ ಕ್ಲಬ್ಬುಗಳಲ್ಲಿ ಮೇಷ್ಟ್ರಿಲ್ಲ. ಹೊಸಬರ ಮೊದಲ ಭಾಷಣ ತಮ್ಮ ಬಗ್ಗೆಯೇ, ನಾಲ್ಕರಿಂದ ಆರು ನಿಮಿಷ. ನಾಲ್ಕಕ್ಕೆ ಹಸಿರು ದೀಪ, ಐದಕ್ಕೆ ಹಳದಿ, ಆರಕ್ಕೆ ಕೆಂಪು. ಮಾತಿನ ನಡುವೆ ಎಷ್ಟು ಸಲ ‘ಆಂ’, ‘ಊಂ’ ಬಂತೆಂದು ಲೆಕ್ಕ ಇಡುವುದು ಒಬ್ಬರ ಕೆಲಸ. ಭಾಷೆಯ ತಪ್ಪುಒಪ್ಪು ನೋಡುವುದು ಇನ್ನೊಬ್ಬರದು. ತಯಾರಿಯೇ ಇಲ್ಲದೆ, ಆಗ ಕೊಟ್ಟ ವಿಷಯದ ಮೇಲೆ ಒಂದೆರಡು ನಿಮಿಷ ಮಾತಾಡುವ ಸುತ್ತೂ ಉಂಟು. ಕೊನೆಗೆ ವಿಮರ್ಶೆ: ಭಾಷಣ ಕೇಳಿದ ಸದಸ್ಯರೊಬ್ಬರು ಎದ್ದು, ಯಾವುದು ಚೆನ್ನಾಗಿತ್ತು, ಯಾವುದನ್ನು ತಿದ್ದಿಕೊಳ್ಳಬಹುದು ಎಂದು ಮುಖಕ್ಕೆ ಮುಖ ಕೊಟ್ಟು ಹೇಳುತ್ತಾರೆ. ಈ ಸಂಸ್ಥೆಯ ಜೀವಾಳ ಇದೇ ಎಂದು ನನ್ನ ಭಾವನೆ. ಮಾತಾಡುವುದನ್ನು ಕಲಿಸುವವರು ಬಹಳ ಮಂದಿ ಸಿಗುತ್ತಾರೆ. ಮನಸ್ಸು ನೋಯದಂತೆ ತಪ್ಪು ಹೇಳುವುದನ್ನು ಕಲಿಸುವ ಜಾಗಗಳು ಕಡಿಮೆ.

ಇಷ್ಟು ಒಳ್ಳೆಯ ಸಂಸ್ಥೆ ಸುಮಾರು ಅರ್ಧ ಶತಮಾನ ಹೆಂಗಸರನ್ನು ಹೊರಗಿಟ್ಟಿತು. ಅದು ದೊಡ್ಡ ಅನ್ಯಾಯ. 1938ರಲ್ಲಿ ಹೆಂಗಸರು ತಮ್ಮದೇ ಬೇರೆ ಸಂಸ್ಥೆ ಕಟ್ಟಿಕೊಳ್ಳಬೇಕಾಯಿತು. 1970ರಲ್ಲಿ ಸ್ಯಾನ್ ಡಿಯಾಗೋದ ಹೆಲನ್ ಬ್ಲಾಂಚರ್ಡ್ ಅವರನ್ನು ಸೇರಿಸಿಕೊಳ್ಳಲು ಅಲ್ಲಿನ ಕ್ಲಬ್ಬಿನವರು ಒಂದು ದಾರಿ ಹುಡುಕಿದರು. ಅರ್ಜಿಯಲ್ಲಿ ‘ಹೋಮರ್’ ಬ್ಲಾಂಚರ್ಡ್ ಎಂದು ಗಂಡಸಿನ ಹೆಸರು ಬರೆದು ಕಳಿಸಿದರು! 1973ರಲ್ಲಿ ನಿಯಮ ಬದಲಾಯಿತು, ಹೆಲನ್ ಸ್ವಂತ ಹೆಸರಿನಲ್ಲೇ ಮುಂದುವರಿದರು. 1985ರಲ್ಲಿ ಇಡೀ ಸಂಸ್ಥೆಯ ಮೊದಲ ಮಹಿಳಾ ಅಧ್ಯಕ್ಷರಾದರು. ಅದನ್ನು ನೋಡಲು ಸ್ಮೆಡ್ಲಿ ಇರಲಿಲ್ಲ, 1965ರಲ್ಲೇ ತೀರಿಕೊಂಡಿದ್ದರು.

ಈಗ ಸುಮಾರು 150 ದೇಶಗಳಲ್ಲಿ ಈ ಕ್ಲಬ್ಬುಗಳಿವೆ. 2019-20ರಲ್ಲಿ ದೆಹಲಿಯ ದೀಪಕ್ ಮೆನನ್ ಅಂತರರಾಷ್ಟ್ರೀಯ ಅಧ್ಯಕ್ಷರಾಗಿದ್ದರು. ಬೆಂಗಳೂರಿನಲ್ಲಿ ಐಟಿ ಕಂಪನಿಗಳ ಒಳಗೂ ಹೊರಗೂ ಸಭೆಗಳು ನಡೆಯುತ್ತವೆ. ಕನ್ನಡದಲ್ಲೇ ಮಾತಾಡುವ ಕ್ಲಬ್ಬೂ ಇದೆ. ಎಲ್ಲರಿಗೂ ತೆರೆದಿರುವ ಕ್ಲಬ್ಬುಗಳು ಅತಿಥಿಗಳನ್ನು ಬರಮಾಡಿಕೊಳ್ಳುತ್ತವೆ. ಸಭೆಯಲ್ಲಿ ಎದ್ದು ನಿಲ್ಲಲು ಅಳುಕುವವರು ಒಮ್ಮೆ ಹೋಗಿ ನೋಡಿ. ಮೊದಲ ದಿನ ಸುಮ್ಮನೆ ಕೂತು ಕೇಳಿ ಬಂದರೂ ಸಾಕು.