ಆರನೇ ನಿಮಿಷದ ಅಪಸ್ವರ

ಕಲ್ಯಾಣದ ಸೀಮೆಗೆ ನಾದದ ಲೆಕ್ಕಾಚಾರ ಹೊಸದೇನಲ್ಲ. ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಗೀತಕ್ಕೂ ವಾದ್ಯಕ್ಕೂ ಧಾರಾಳ ಜಾಗವಿದೆ, ಅವನ ಮಗ ಜಗದೇಕಮಲ್ಲ ‘ಸಂಗೀತಚೂಡಾಮಣಿ’ಯನ್ನೇ ರಚಿಸಿದ. ಹುಮನಾಬಾದಿಗೆ ಹೊಂದಿಕೊಂಡಿರುವ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ (1817–1865) ಸಂಸ್ಥಾನದ ದತ್ತಜಯಂತಿಗೆ ಹಿಂದೂಸ್ತಾನಿ ಗಾಯಕರು ಬಂದು ಹಾಡುವ ಪದ್ಧತಿ ಉಳಿದುಕೊಂಡಿದೆ. ಇದೇ ಸೀಮೆಯ ಕೊಹಿನೂರದಂಥ ಊರಲ್ಲಿ ಭಜನೆಗೆ ಕೂತವರ ಬಳಿ ತಂಬೂರಿ ಇಲ್ಲದಿದ್ದರೂ ಶ್ರುತಿಗೆ ಮೊಬೈಲ್ ಸಾಕು. ಆ ಮೊಬೈಲಿನ ನಾದ ನಡುವೆ ‘ಟಕ್’ ಎಂದರೆ, ಒರಟಾದರೆ, ಏರಿದರೆ, ನಾವು ಸ್ವರ ಕೆಟ್ಟಿತು ಎನ್ನುತ್ತೇವೆ. ಬಹಳ ಸಲ ಕೆಟ್ಟಿರುವುದು ಸ್ವರವಲ್ಲ, ಕಾಲದ ಲೆಕ್ಕ. ಹಾಗಾಗಿ ಆ ದೋಷ ಹುಡುಕುವವರು ಹಾಡುಗಾರಿಕೆಯ ಕಾಲಮಾನಕ್ಕೆ ಇಳಿಯದೆ ಗತ್ಯಂತರವಿಲ್ಲ.

ತಂಬೂರಿಯ ತಂತಿ ಅಗಲವಾದ, ತುಸು ಉಬ್ಬಿದ ಕುದುರೆಯ ಮೇಲೆ ತಾಗಿ ತಾಗಿ ಕಂಪಿಸುತ್ತದೆ. ಉಪಸ್ವರಗಳು ಒಂದರ ಹಿಂದೊಂದು ಅರಳುತ್ತವೆ. ಅದೇ ಜವಾರಿ. ಮೀಟಿದ ಜಾಗದಿಂದಾಗಿ ಹುಟ್ಟಲೇಬಾರದು ಎಂದು ಹಳೆಯ ನಿಯಮ ಹೇಳುವ ಉಪಸ್ವರಗಳೂ ಇಲ್ಲಿ ಬಲವಾಗಿ ಕೇಳುತ್ತವೆ ಎಂದು ಸಿ.ವಿ. ರಾಮನ್ 1921ರಲ್ಲೇ ತೋರಿಸಿದ್ದರು. ತಂಬೂರಿ ಕಟ್ಟುವ ಮಿರಜಿನ ಕುಶಲಕರ್ಮಿಗಳಿಗೆ ಇದು ಕೈಗೂ ಕಿವಿಗೂ ಗೊತ್ತಿದ್ದ ಸಂಗತಿ. ಎಂಜಿನಿಯರೂ ಕೊಳಲುವಾದಕರೂ ಆದ ಬೆಂಗಳೂರಿನ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ತಂದಾಗ ತಂತಿ ಸಡಿಲುವ ಕಾಟ ತಪ್ಪಿತು, ಜವಾರಿ ಮಾತ್ರ ಮಾಸಿತು. ಮುಂದೆ ನಿಜವಾದ ತಂಬೂರಿಯ ಧ್ವನಿಯನ್ನೇ ಮುದ್ರಿಸಿ ಸುತ್ತಿಸುತ್ತ ನುಡಿಸುವ ಡಿಜಿಟಲ್ ದಾರಿ ತೆರೆದುಕೊಂಡಿತು. ಜವಾರಿ ಮರಳಿತು; ಸುತ್ತಿನ ಕೊನೆ ಮೊದಲಿಗೆ ಕೂಡುವಲ್ಲಿ ಹೊಲಿಗೆ ಕೇಳಿಸುವ ಹೊಸ ರೋಗವೂ ಜೊತೆಗೆ ಬಂತು.

ಮೊಬೈಲ್ ಕಾಲದ ಲೆಕ್ಕವನ್ನು ಇನ್ನಷ್ಟು ಬಿಗಿ ಮಾಡಿತು. ಸಾಮಾನ್ಯವಾಗಿ ಅದಕ್ಕೆ ನಾದದ ಅಲೆಯನ್ನು ಹೇಳುವ 48,000 ಅಂಕಿಗಳು ಸೆಕೆಂಡಿಗೆ ಬೇಕು. 256 ಅಂಕಿಗಳ ಕಂತಾದರೆ, ಸುಮಾರು 5.3 ಮಿಲಿಸೆಕೆಂಡಿಗೊಮ್ಮೆ ಹೊಸ ಕಂತು ಕೈಸೇರಬೇಕು. ಆ ಹೊತ್ತಿಗೆ ಆ್ಯಪ್ ಮೆಮೊರಿ ಹೊಂದಿಸುತ್ತಲೋ ಫೈಲ್ ಓದುತ್ತಲೋ ಕೂತರೆ ಕಂತು ತಪ್ಪಿ ‘ಟಕ್’ ಎನ್ನುತ್ತದೆ. ಪತ್ತೆಗೆ ಮೊದಲ ಸುಳಿವು ಸದ್ದಿನ ಲಯ. ಸಮಾನ ಅಂತರದಲ್ಲಿ ಬಂದರೆ ಹೊಲಿಗೆಯ ಮೇಲೆ ಅನುಮಾನ, ಅಡ್ಡಾದಿಡ್ಡಿ ಬಂದರೆ ತಪ್ಪಿದ ಕಂತಿನ ಮೇಲೆ. ಕಂತನ್ನು ದೊಡ್ಡದು ಮಾಡಿದಾಗ ಸದ್ದು ಕಡಿಮೆಯಾದರೆ ಅನುಮಾನ ಗಟ್ಟಿಯಾಗುತ್ತದೆ. ಆದರೆ ದೊಡ್ಡ ಕಂತು ಮದ್ದಲ್ಲ: ತಂಬೂರಿಗೆ ನಡೆದೀತು, ಕೀಲಿ ಒತ್ತಿ ನುಡಿಸುವ ಸಿಂಥಸೈಜರ್‌ನಲ್ಲಿ ಬೆರಳಿಗೂ ನಾದಕ್ಕೂ ನಡುವೆ ವಿಳಂಬ ಬೆಳೆಯುತ್ತದೆ.

ಇನ್ನೆರಡು ದೋಷಗಳು ಹೆಚ್ಚು ಕಪಟಿಗಳು. ಸೆಕೆಂಡಿಗೆ 44,100ರಂತೆ ಮುದ್ರಿಸಿದ್ದನ್ನು ಪರಿವರ್ತಿಸದೆ 48,000ದ ವೇಗದಲ್ಲಿ ನುಡಿಸಿದರೆ ಶ್ರುತಿ ಸುಮಾರು ಒಂದೂವರೆ ಮನೆ ಏರುತ್ತದೆ. ಹಾರ್ಮೋನಿಯಂ ಪೇಟಿಯ ಬಿಳಿ ಒಂದು ಕೇಳಿದವನಿಗೆ ಕರಿ ಒಂದಕ್ಕೂ ಬಿಳಿ ಎರಡಕ್ಕೂ ನಡುವಿನದು ಸಿಗುತ್ತದೆ. ಒಬ್ಬನೇ ಹಾಡುವವನು ಗಮನಿಸದೆಯೂ ಇದ್ದಾನು. ಪೇಟಿ ಜೊತೆಗೂಡಿದ ಕೂಡಲೇ ಗುಟ್ಟು ರಟ್ಟು. ಎರಡನೆಯದು ಎಣಿಕೆಯ ದೋಷ. ಕಳೆದ ಅಂಕಿಗಳನ್ನು 32 ಬಿಟ್‌ಗಳ ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಯಲ್ಲಿ ಒಂದೊಂದಾಗಿ ಕೂಡುತ್ತ ಹೋದರೆ 1,67,77,216ಕ್ಕೆ ಬಂದು ನಿಲ್ಲುತ್ತದೆ. ಅದಕ್ಕೆ ಒಂದು ಕೂಡಿದರೂ ಉತ್ತರ ಅಷ್ಟೇ. ಸೆಕೆಂಡಿಗೆ 48,000ರಂತೆ ಇದು ಸುಮಾರು 350 ಸೆಕೆಂಡು, ಅಂದರೆ ಆರನೇ ನಿಮಿಷ. ಆ ಎಣಿಕೆಯಿಂದಲೇ ತರಂಗ ಕಟ್ಟುವ ಆ್ಯಪ್‌ನಲ್ಲಿ ನಾದ ಅದಕ್ಕೂ ಮೊದಲೇ ಒರಟಾಗುತ್ತ ಬಂದು, ಅಲ್ಲಿ ನಿಂತೇಬಿಡುತ್ತದೆ. ಎಣಿಕೆಯನ್ನು ಪೂರ್ಣಾಂಕದಲ್ಲಿಡುವುದು ಒಂದು ಪರಿಹಾರ. ಅಂಕಿಗಳ ಬದಲು ತರಂಗದ ಆವರ್ತವನ್ನೇ ಭಾಗ ಭಾಗವಾಗಿ ಎಣಿಸಿ, ಒಂದು ಆವರ್ತ ಮುಗಿದಾಗಲೆಲ್ಲ ಒಂದನ್ನು ಕಳೆಯುವುದು ಇನ್ನೊಂದು. ಆದರೆ ಕಳೆಯುವ ಬದಲು ಸೊನ್ನೆಗೆ ಮರಳಿಸಿದರೆ ಉಳಿಕೆಯ ಚೂರು ಪ್ರತಿಸಲ ಸೋರಿ ಶ್ರುತಿ ಇಳಿಯುತ್ತದೆ. ತಿದ್ದುಪಡಿಯೇ ತಪ್ಪಾಗುವ ಇಂಥ ತಾಣ ಈ ಕಸುಬಿನಲ್ಲಿ ಹೆಜ್ಜೆಗೊಂದು.

ನಿಜವಾದ ತಂಬೂರಿಯೂ ಅಲುಗುತ್ತದಲ್ಲ, ಇಷ್ಟು ಗೋಳೇಕೆ ಎನ್ನಬಹುದು. ತಂತಿ ಇಳಿದರೆ ಹಾಡುವವನೇ ಬಿರಡೆ ತಿರುಗಿಸಿ, ಮಣಿ ಸರಿಸಿ ಸರಿಪಡಿಸಿಕೊಳ್ಳಬಲ್ಲ; ಆ್ಯಪ್‌ನೊಳಗಿನ ಎಣಿಕೆಗೆ ಅವನ ಕೈ ನಿಲುಕದು. ಕಿವಿಗಿಂತ ಅಳತೆಯ ಸಾಧನವೇ ನಿಖರ ಎಂಬ ಇನ್ನೊಂದು ವಾದದಲ್ಲಿ ಹುರುಳಿದೆ. ಶುದ್ಧ ಸೈನ್ ತರಂಗ ಹರಿಸಿ ನೋಡಿದರೆ ಕಿವಿಗೆ ಸಿಗದ ಮುರುಕೂ ತೆರೆಯ ಮೇಲೆ ಗೆರೆಯಾಗಿ ಕಾಣುತ್ತದೆ. ಆದರೆ ಸಾಧನ ಅಳೆಯುವುದು ನಾವು ಅಳೆಯಲು ಹೇಳಿದಷ್ಟು ಹೊತ್ತು. ಐದು ನಿಮಿಷದ ಪರೀಕ್ಷೆಯಲ್ಲಿ ಆರನೇ ನಿಮಿಷದ ತಪ್ಪು ಎಷ್ಟು ನಿಖರ ಯಂತ್ರಕ್ಕೂ ಸಿಗದು; ವಿಲಂಬಿತ ಖಯಾಲ್ ಹಿಡಿದು ಕೂತವನಿಗೆ ಸಿಗುತ್ತದೆ. ಆದ್ದರಿಂದ ಪರೀಕ್ಷೆ ಅಗ್ಗದ ಫೋನಿನಲ್ಲಿ, ಪೂರ್ತಿ ಒಂದು ತಾಸು, ನಡುವೆ ಶ್ರುತಿ ಬದಲಿಸುತ್ತ, ಪೇಟಿ ಪಕ್ಕದಲ್ಲಿಟ್ಟುಕೊಂಡು ನಡೆಯಬೇಕು. ನಡುವೆ ಕರೆ ಬಂದು ಮುಗಿದ ಮೇಲೆ ನಾದ ಮರಳುತ್ತದೆಯೇ, ಮರಳಿದರೂ ಅದೇ ಮನೆಗೆ ಮರಳುತ್ತದೆಯೇ ಎಂಬುದನ್ನೂ ಅದೇ ಕೂತಲ್ಲಿ ನೋಡಿಬಿಡಬಹುದು.